ದೊಡ್ಡವರ ದೀನೀ ತರಗತಿ

ಐದು ಹೊತ್ತಿನ ಕಡ್ಡಾಯ ನಮಾಝಿನಲ್ಲಿ 17 ರಕಅತ್. ಪ್ರತಿ ರಕಅತ್‌ನಲ್ಲೂ ಅಲ್ ಫಾತಿಹಾ. ಚಿಕ್ಕಂದಿನಲ್ಲೇ ಬಾಯಿಪಾಠ ಆಗಿರುತ್ತೆ, ಆದರೆ ಅರ್ಥ ಕೇಳಿದರೆ ಎಷ್ಟೋ ಜನ ತಡವರಿಸ್ತೀವಿ.

ಹಗಲಲ್ಲಿ ಕೆಲಸ, ಅಂಗಡಿ, ಮನೆ ಬಿಟ್ಟು ಬರಲಾಗದ ದೊಡ್ಡವರಿಗೆಂದೇ ಇಶಾ ನಂತರದ, ವಾರಾಂತ್ಯದ ತರಗತಿಗಳಿವೆ. ಮೊದಲು ತಜ್ವೀದ್, ಅಂದರೆ ಶುದ್ಧ ಉಚ್ಚಾರಣೆ. ಗಂಟಲಿನಿಂದ ಹೊರಡುವ ಐನ್ ಅಕ್ಷರ ನಮ್ಮ ನಾಲಿಗೆಗೆ ಹೊಸದು, ಅವಸರ ಬೇಡ.

ಆಮೇಲೆ ಫಿಕ್ಹ್, ಅಂದರೆ ಧಾರ್ಮಿಕ ವಿಧಿನಿಯಮ. ನನ್ನ ಪ್ರಕಾರ ದೊಡ್ಡವರಿಗೆ ತುರ್ತಾಗಿ ಬೇಕಿರೋದು ಇದೇ. ಝಕಾತ್, ಮಹರ್, ಆಸ್ತಿ ಪಾಲು ಎಲ್ಲ ಅವರದೇ ಹೊಣೆ. ಉಳಿತಾಯ ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ಮುಟ್ಟಿ ಚಾಂದ್ರಮಾನ ವರ್ಷ ತುಂಬಿದರೆ ಶೇ. 2.5 ಝಕಾತ್. ಮೈಮೇಲೆ ಹಾಕೋ ಚಿನ್ನಕ್ಕೆ? ಅದು ಮದ್‌ಹಬ್ (ಫಿಕ್ಹ್ ಪಂಥ) ಮೇಲೆ ನಿಂತಿದೆ: ಹನಫಿಗಳಲ್ಲಿ ಇದೆ. ಶಾಫಿಈಗಳಲ್ಲಿ, ಮಿತಿಯೊಳಗಿದ್ದರೆ, ಇಲ್ಲ. ಕರಾವಳಿಯ ಬ್ಯಾರಿಗಳು, ನವಾಯತರು ಹೆಚ್ಚಾಗಿ ಶಾಫಿಈ. ಒಳನಾಡಿನ ಉರ್ದು ಮನೆಗಳು ಹೆಚ್ಚಾಗಿ ಹನಫಿ. ಸೇರುವ ಮೊದಲೇ ಉಸ್ತಾದರನ್ನು ಕೇಳಿ: ಇಲ್ಲಿ ಯಾವ ಮದ್‌ಹಬ್ ಕಲಿಸ್ತೀರಿ?