ಕಾಲೇಜಿನಿಂದ ಬಂದ ಹುಡುಗ ನಿಲ್ಲುವನೇ?

ಮಾರ್ಚ್ ತಿಂಗಳು ಮುಗಿಯುತ್ತ ಬಂದಂತೆ ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಪ್ರಿಯರ ಮಾತಿಗೆ ಹೊಸದೊಂದು ವಿಷಯ ಸಿಗುತ್ತದೆ. ಕಾಲೇಜು ತಂಡಗಳ ಋತು ಮುಗಿಯುವ ಸಮಯ ಅದು. ಸೋತು ಹೊರಬಿದ್ದ ತಂಡದ ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ವೃತ್ತಿಪರ ತಂಡಗಳೊಡನೆ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಹಾಗೆ ಸಹಿ ಹಾಕಿದವನು ರಕ್ಷಣಾ ಆಟಗಾರನಾಗಿದ್ದರಂತೂ ವಾದಕ್ಕೆ ಕೊನೆಯೇ ಇರುವುದಿಲ್ಲ. ‘ಮುಂದಿನ ವರ್ಷವೇ ಮೊದಲ ಜೋಡಿಯಲ್ಲಿ ಆಡುತ್ತಾನೆ’ ಎಂದು ಒಬ್ಬರೆಂದರೆ, ‘ಮೈಯಲ್ಲಿ ಬಲವಿಲ್ಲ, ಎರಡು ವರ್ಷ ಕೆಳಗಿನ ಲೀಗಿನಲ್ಲಿ ಬೇಯಲಿ’ ಎಂದು ಇನ್ನೊಬ್ಬರು ಹೇಳುತ್ತಾರೆ. ಹುಡುಗ ಇನ್ನೂ ಒಂದು ಪಂದ್ಯವನ್ನೂ ಆಡಿರುವುದಿಲ್ಲ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಯುವ ಈ ಕೆಲಸ ಅಲ್ಲಿ ವರ್ಷವರ್ಷವೂ ನಡೆಯುತ್ತದೆ.

ಹಾಕಿ ಎಂದರೆ ನಮ್ಮ ಓದುಗರ ಕಣ್ಣಿಗೆ ಬರುವುದು ಹುಲ್ಲಿನ ಅಥವಾ ಟರ್ಫ್‌ನ ಮೈದಾನ. ಉತ್ತರ ಅಮೆರಿಕದಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಆಟ. 200 ಅಡಿ ಉದ್ದ, 85 ಅಡಿ ಅಗಲದ ಅಂಗಳದ ಸುತ್ತ ಗೋಡೆ. ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಒಂದೊಂದು ಕಡೆ ಆರು ಮಂದಿ: ಗೋಲ್ ಕೀಪರ್, ಮೂವರು ಮುಂಚೂಣಿ ಆಟಗಾರರು, ಇಬ್ಬರು ರಕ್ಷಕರು. ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಆಡಿ, ದಣಿದು, ಬೇರೆಯವರಿಗೆ ಜಾಗ ಬಿಟ್ಟು ಬೆಂಚಿಗೆ ಮರಳುವುದು ಇಲ್ಲಿಯ ಕ್ರಮ. ಈ ಆಟದ ಅತ್ಯುನ್ನತ ವೇದಿಕೆ 1917ರಲ್ಲಿ ಆರಂಭವಾದ ನ್ಯಾಷನಲ್ ಹಾಕಿ ಲೀಗ್. ಈಗ ಅದರಲ್ಲಿ 32 ತಂಡಗಳಿವೆ.

ಕಾಲೇಜಿನ ದಾರಿ

ಬಹುಕಾಲ ಈ ಲೀಗಿಗೆ ಕಾಲೇಜು ಹುಡುಗರೆಂದರೆ ಅಷ್ಟಕ್ಕಷ್ಟೇ ಆಗಿತ್ತು. ಹದಿನಾರು, ಹದಿನೇಳರ ವಯಸ್ಸಿಗೇ ಕೆನಡಾದ ಜೂನಿಯರ್ ತಂಡಗಳಲ್ಲಿ ಪಳಗಿದವರೇ ಗಟ್ಟಿಗರು, ಪುಸ್ತಕ ಹಿಡಿದವರು ಮೆತ್ತಗಿನವರು ಎಂಬ ಭಾವನೆ ಬೇರೂರಿತ್ತು. 1962ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ರೆಡ್ ಬೆರೆನ್ಸನ್ ಕಾಲೇಜು ತಂಡದಿಂದ ನೇರವಾಗಿ ಮಾಂಟ್ರಿಯಲ್ ತಂಡಕ್ಕೆ ಸೇರಿದ್ದು ಆಗ ಅಪರೂಪದ ಸಂಗತಿಯಾಗಿತ್ತು.

ಆ ಭಾವನೆಗೆ ದೊಡ್ಡ ಪೆಟ್ಟು ಬಿದ್ದದ್ದು 1980ರಲ್ಲಿ. ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಕಾಲೇಜು ಹುಡುಗರಿಂದ ಕೂಡಿದ ಅಮೆರಿಕದ ತಂಡ ಬಲಾಢ್ಯ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿ, ಕೊನೆಗೆ ಚಿನ್ನ ಗೆದ್ದಿತು. ಆ ತಂಡದ ರಕ್ಷಕ, ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದ ಕೆನ್ ಮಾರೋ, ಕೂಡಲೇ ನ್ಯೂಯಾರ್ಕ್ ಐಲ್ಯಾಂಡರ್ಸ್ ಸೇರಿದರು. ಅದೇ ಮೇ ತಿಂಗಳಲ್ಲಿ ಆ ತಂಡ ಲೀಗಿನ ಪರಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಒಂದೇ ವರ್ಷದಲ್ಲಿ ಎರಡನ್ನೂ ಗೆದ್ದ ಮೊದಲಿಗರು ಮಾರೋ. ಇಂದು ಲೀಗಿನ ಆಟಗಾರರಲ್ಲಿ ಸುಮಾರು ಮೂರನೇ ಒಂದು ಭಾಗ ಅಮೆರಿಕದ ಕಾಲೇಜುಗಳಿಂದ ಬಂದವರು. ಕೆನಡಾದ ಪ್ರಮುಖ ಜೂನಿಯರ್ ಲೀಗುಗಳಲ್ಲಿ ಆಡಿದವರಿಗೆ ಕಾಲೇಜು ಹಾಕಿಯ ಬಾಗಿಲು ಮುಚ್ಚಿತ್ತು. 2025ರ ಆಗಸ್ಟ್‌ನಿಂದ ಅದೂ ತೆರೆದಿದೆ.

ಕಾಲೇಜಿನಿಂದ ಬರುವವರಲ್ಲಿ ಎರಡು ಬಗೆ. ಲೀಗ್ ಪ್ರತಿವರ್ಷ ‘ಡ್ರಾಫ್ಟ್’ ಎಂಬ ಆಯ್ಕೆ ನಡೆಸುತ್ತದೆ. ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಎಳೆಯ ಆಟಗಾರರ ಮೇಲೆ ಹಕ್ಕು ಪಡೆಯುತ್ತವೆ. ಹಾಗೆ ಆಯ್ಕೆಯಾಗಿಯೂ ಕಾಲೇಜಿನಲ್ಲಿ ಓದು ಮುಂದುವರಿಸಿದವರದು ಮೊದಲ ಬಗೆ. ಹದಿನೆಂಟರಲ್ಲಿ ಯಾರ ಕಣ್ಣಿಗೂ ಬೀಳದೆ, ಕಾಲೇಜಿನಲ್ಲಿ ಬೆಳೆದು, ಇಪ್ಪತ್ತೆರಡರ ಹೊತ್ತಿಗೆ ಹಲವು ತಂಡಗಳಿಗೆ ಬೇಕಾದವರದು ಎರಡನೆಯದು. ಇಂಥವನು ತನಗಿಷ್ಟ ಬಂದ ತಂಡ ಸೇರಬಹುದು. ಆದ್ದರಿಂದಲೇ ಅವನು ‘ನಮ್ಮೂರಿಗೆ’ ಬಂದನೆಂದರೆ ಅಭಿಮಾನಿಗಳಿಗೆ ಪುಕ್ಕಟೆ ನಿಧಿ ಸಿಕ್ಕಷ್ಟು ಸಂತೋಷ.

ಈ ಸಂತೋಷಕ್ಕೆ ಹಣದ ಕಾರಣವೂ ಇದೆ. ಮಾಲೀಕರು ಮತ್ತು ಆಟಗಾರರ ಜಗಳದಿಂದ 2004-05ರ ಇಡೀ ಋತುವೇ ರದ್ದಾಯಿತು. ಆ ಬಳಿಕ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಬಂದಿತು. ಹೊಸಬರ ಮೊದಲ ಒಪ್ಪಂದದ ಸಂಬಳಕ್ಕೂ ಗರಿಷ್ಠ ಮಿತಿಯಿದೆ. ಅಂದರೆ ಹೊಸ ರಕ್ಷಕ ಚೆನ್ನಾಗಿ ಆಡಿದರೆ ಕಡಿಮೆ ಖರ್ಚಿನಲ್ಲಿ ದೊಡ್ಡ ಕೆಲಸ ಆಗುತ್ತದೆ, ಉಳಿದ ಹಣದಲ್ಲಿ ಇನ್ನೊಬ್ಬ ಆಟಗಾರ ಬರುತ್ತಾನೆ. ಆಡದಿದ್ದರೆ ಕೆಳಗಿನ ಅಮೆರಿಕನ್ ಹಾಕಿ ಲೀಗಿಗೆ ಕಳುಹಿಸಬಹುದು; ಅಲ್ಲಿ ಸಂಬಳವೂ ಕಡಿಮೆ.

ರಕ್ಷಕನ ಕಷ್ಟ

ಆದರೆ ರಕ್ಷಕನನ್ನು ಅಳೆಯುವುದು ಸುಲಭವಲ್ಲ. ಮುಂಚೂಣಿಯವನು ಗೋಲು ಹೊಡೆದರೆ ಎಲ್ಲರಿಗೂ ಕಾಣುತ್ತದೆ. ರಕ್ಷಕನ ಒಳ್ಳೆಯ ಕೆಲಸವೆಂದರೆ ಆಗಬೇಕಾದ ಅನಾಹುತ ಆಗದಿರುವುದು. ಅದು ಅಂಕಪಟ್ಟಿಯಲ್ಲಿ ಬರುವುದಿಲ್ಲ.

ಎದುರಾಳಿ ತಂಡ ಪಕ್ಕನ್ನು ರಕ್ಷಕನ ಬೆನ್ನ ಹಿಂದಿನ ಮೂಲೆಗೆ ತಳ್ಳುತ್ತದೆ. ಹಿಮ್ಮುಖವಾಗಿ ಜಾರುತ್ತಿದ್ದ ರಕ್ಷಕ ತಿರುಗಿ, ಓಡಿ, ಅದನ್ನು ಹಿಡಿಯಬೇಕು. ಹಿಂದಿನಿಂದ ಇಬ್ಬರು ಅಟ್ಟಿಸಿಕೊಂಡು ಬರುತ್ತಿರುತ್ತಾರೆ. ಪಕ್ ಕೈಗೆ ಸಿಗುವ ಮೊದಲೇ ಭುಜದ ಮೇಲಿಂದ ಒಮ್ಮೆ ನೋಡಿ, ಯಾರಿಗೆ ಕೊಡಬೇಕೆಂದು ತೀರ್ಮಾನಿಸಿರಬೇಕು. ತಡವಾದರೆ ಗೋಡೆಗೆ ಅಪ್ಪಳಿಸಿಕೊಳ್ಳಬೇಕು. ಅವಸರಪಟ್ಟರೆ ಪಕ್ ನೇರ ಎದುರಾಳಿಯ ಕೋಲಿಗೆ ಹೋಗುತ್ತದೆ, ಮುಂದಿನ ಕ್ಷಣ ಗೋಲು.

ಕಾಲೇಜಿನಲ್ಲಿ ಇದೇ ಕೆಲಸಕ್ಕೆ ಒಂದಿಷ್ಟು ಹೆಚ್ಚು ಹೊತ್ತು ಸಿಗುತ್ತದೆ. ಅಲ್ಲಿ ಎದುರಾಳಿಗಳು ಓರಗೆಯ ಹುಡುಗರು. ಸಾಮಾನ್ಯವಾಗಿ ಶುಕ್ರವಾರ, ಶನಿವಾರ ಪಂದ್ಯ. ಉಳಿದ ದಿನ ತಾಲೀಮು, ಪಾಠ. ಋತುವಿಗೆ ಹೆಚ್ಚೆಂದರೆ ನಲವತ್ತರ ಆಸುಪಾಸು ಪಂದ್ಯಗಳು. ವೃತ್ತಿಪರ ಲೀಗಿನಲ್ಲಿ ಎಂಬತ್ತಕ್ಕೂ ಹೆಚ್ಚು ಪಂದ್ಯಗಳು, ಊರಿಂದೂರಿಗೆ ಅಲೆದಾಟ, ಎದುರಿಗೆ ಮೂವತ್ತರ ಬಲಿತ ಗಂಡಸರು. ಕಾಲೇಜಿನಲ್ಲಿ ಮುಖಕ್ಕೆ ಪೂರ್ತಿ ರಕ್ಷಣೆ ಕಡ್ಡಾಯ. ಇಲ್ಲಿ ಅರ್ಧ ಮುಖ ಬಯಲಿಗೆ.

ಲೆಕ್ಕ ತಪ್ಪಿದ್ದೆಲ್ಲಿ?

ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ 1981ರಿಂದ ಹೋಬಿ ಬೇಕರ್ ಪ್ರಶಸ್ತಿ ಕೊಡಲಾಗುತ್ತಿದೆ. 2009ರಲ್ಲಿ ಅದನ್ನು ಪಡೆದವರು ಬೋಸ್ಟನ್ ವಿಶ್ವವಿದ್ಯಾಲಯದ ರಕ್ಷಕ ಮ್ಯಾಟ್ ಗಿಲ್ರಾಯ್. ಅದೇ ವರ್ಷ ಅವರ ತಂಡ ರಾಷ್ಟ್ರೀಯ ಚಾಂಪಿಯನ್ ಕೂಡ ಆಯಿತು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಅವರು ನ್ಯೂಯಾರ್ಕ್ ರೇಂಜರ್ಸ್ ಜೊತೆ ಎರಡು ವರ್ಷದ ಒಪ್ಪಂದ ಮಾಡಿಕೊಂಡಾಗ ಅಲ್ಲಿಯ ಅಭಿಮಾನಿಗಳ ನಿರೀಕ್ಷೆ ಮುಗಿಲು ಮುಟ್ಟಿತ್ತು. ಎರಡು ವರ್ಷ ಕಳೆದ ಮೇಲೆ ತಂಡ ಅವರನ್ನು ಉಳಿಸಿಕೊಳ್ಳಲಿಲ್ಲ. ಬೇರೆ ತಂಡಗಳನ್ನೂ ಸೇರಿಸಿ ಲೀಗಿನಲ್ಲಿ ಇನ್ನೂರಕ್ಕೂ ಹೆಚ್ಚು ಪಂದ್ಯ ಆಡಿದ ಗಿಲ್ರಾಯ್ ಕೊನೆಗೆ ಯುರೋಪಿನತ್ತ ಹೊರಟರು.

2012ರ ಮಾರ್ಚ್‌ನಲ್ಲಿ ಬೋಸ್ಟನ್ ಬ್ರೂಯಿನ್ಸ್ ಸೇರಿದ ಟೋರಿ ಕ್ರೂಗ್ ಅವರದು ಇದಕ್ಕೆ ತದ್ವಿರುದ್ಧ ಕಥೆ. ಮಿಷಿಗನ್ ಸ್ಟೇಟ್‌ನ ಈ ನಾಯಕನ ಎತ್ತರ ಬರೀ ಐದಡಿ ಒಂಬತ್ತಂಗುಲ. ಅವರನ್ನೂ ಯಾರೂ ಡ್ರಾಫ್ಟ್ ಮಾಡಿರಲಿಲ್ಲ. ಒಂದು ವರ್ಷ ಬಹುಮಟ್ಟಿಗೆ ಕೆಳಗಿನ ಲೀಗಿನಲ್ಲೇ ಕಳೆಯಿತು. 2013ರ ಪ್ಲೇ-ಆಫ್ ವೇಳೆಗೆ ತಂಡದ ರಕ್ಷಕರು ಗಾಯಗೊಂಡಾಗ ಕರೆ ಬಂತು. ರೇಂಜರ್ಸ್ ವಿರುದ್ಧದ ಐದು ಪಂದ್ಯಗಳಲ್ಲಿ ಕ್ರೂಗ್ ನಾಲ್ಕು ಗೋಲು ಹೊಡೆದರು. ಮುಂದೆ 2020ರವರೆಗೂ ಬೋಸ್ಟನ್ ಅವರನ್ನು ಬಿಡಲಿಲ್ಲ.

ಕಾಯಬೇಕಾಗಿಯೇ ಬಾರದವರೂ ಇದ್ದಾರೆ. ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ಕೇಲ್ ಮಕಾರ್ 2019ರ ಏಪ್ರಿಲ್‌ನಲ್ಲಿ ಹೋಬಿ ಬೇಕರ್ ಪ್ರಶಸ್ತಿ ಪಡೆದು, ಮರುದಿನ ಕಾಲೇಜು ಫೈನಲ್ ಸೋತು, ಅದರ ಮರುದಿನ ಕೊಲೊರಾಡೊ ತಂಡದೊಡನೆ ಒಪ್ಪಂದ ಮಾಡಿಕೊಂಡು, ಮತ್ತೊಂದು ದಿನ ಕಳೆಯುವಷ್ಟರಲ್ಲಿ ಪ್ಲೇ-ಆಫ್‌ನಲ್ಲಿ ಆಡಿ ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. 2022ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದರು. ಅತ್ಯುತ್ತಮ ರಕ್ಷಕನಿಗೆ ಕೊಡುವ ನಾರಿಸ್ ಟ್ರೋಫಿಯೂ ಅದೇ ವರ್ಷ ಬಂತು. ತೊಂದರೆಯೆಂದರೆ, ಇಂಥ ಒಬ್ಬರು ಬಂದ ಮೇಲೆ ಪ್ರತಿಯೊಬ್ಬ ಕಾಲೇಜು ರಕ್ಷಕನಲ್ಲೂ ಜನ ಮಕಾರ್ ಅವರನ್ನೇ ಹುಡುಕುತ್ತಾರೆ.

ಆ ಹುಡುಕಾಟದ ಬಿಸಿ ಎಷ್ಟೆಂಬುದು ಜಸ್ಟಿನ್ ಷುಲ್ಜ್ ಅವರಿಗೆ ಗೊತ್ತು. 2008ರಲ್ಲಿ ಅನಾಹೈಮ್ ತಂಡ ಡ್ರಾಫ್ಟ್ ಮಾಡಿದ್ದ ಈ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಕ್ಷಕ 2012ರಲ್ಲಿ ಆ ತಂಡವನ್ನು ಒಲ್ಲದೆ ಎಡ್ಮಂಟನ್ ಆರಿಸಿಕೊಂಡರು. ಆರು ವರ್ಷದಿಂದ ಪ್ಲೇ-ಆಫ್ ಮುಖ ನೋಡದ ಊರಿಗೆ ಹಬ್ಬವೇ ಬಂದಂತಾಯಿತು. ಆ ಚಳಿಗಾಲ ಕೆಳಗಿನ ಲೀಗಿನ 34 ಪಂದ್ಯಗಳಲ್ಲಿ 48 ಅಂಕ ಗಳಿಸಿ ಷುಲ್ಜ್ ಅಲ್ಲಿಯ ಅತ್ಯುತ್ತಮ ರಕ್ಷಕ ಎನಿಸಿದರು. ಮುಂದೆ ನಾರಿಸ್ ಟ್ರೋಫಿ ಗೆಲ್ಲಬಲ್ಲರು ಎಂಬ ಮಾತು ತಂಡದ ಆಡಳಿತದ ಕಡೆಯಿಂದಲೇ ಬಂತು. ಹೊಗಳಿ ಹೊನ್ನಶೂಲಕ್ಕೆ ಏರಿಸುವುದೆಂದರೆ ಇದೇ. ದುರ್ಬಲ ತಂಡದಲ್ಲಿ ಪ್ರಬಲ ಎದುರಾಳಿಗಳ ಮುಂದೆ ಹೆಚ್ಚು ಹೊತ್ತು ನಿಂತ ಷುಲ್ಜ್ ತಪ್ಪುಗಳನ್ನು ಮಾಡಿದರು. ಕುಣಿದಾಡಿದ್ದ ಊರೇ ಛೀಮಾರಿ ಹಾಕಿತು. 2016ರ ಫೆಬ್ರುವರಿಯಲ್ಲಿ, ಡ್ರಾಫ್ಟ್‌ನ ಮೂರನೇ ಸುತ್ತಿನ ಒಂದು ಆಯ್ಕೆಗೆ ಬದಲಾಗಿ ಅವರನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟುಬಿಡಲಾಯಿತು.

ಅಲ್ಲಿ ಅವರಿಗೆ ಸಿಕ್ಕಿದ್ದು ಚಿಕ್ಕ ಪಾತ್ರ. ಯಾರೂ ಅವರಿಂದ ಪವಾಡ ಬಯಸಲಿಲ್ಲ. ನಾಲ್ಕು ತಿಂಗಳಲ್ಲಿ ಪಿಟ್ಸ್‌ಬರ್ಗ್ ಸ್ಟ್ಯಾನ್ಲಿ ಕಪ್ ಗೆದ್ದಿತು. ಮರುವರ್ಷ ತಂಡದ ಪ್ರಮುಖ ರಕ್ಷಕ ಗಾಯಗೊಂಡು ಹೊರಗುಳಿದಾಗ ಷುಲ್ಜ್ ಹೆಚ್ಚಿನ ಹೊಣೆ ಹೊತ್ತರು, ಋತುವಿನಲ್ಲಿ 51 ಅಂಕ ಗಳಿಸಿದರು. ಕಪ್ ಮತ್ತೆ ಪಿಟ್ಸ್‌ಬರ್ಗ್‌ಗೇ ಬಂತು. ಎಡ್ಮಂಟನ್‌ನಲ್ಲಿ ಬೇಡವಾದವರು ಮತ್ತು ಪಿಟ್ಸ್‌ಬರ್ಗ್‌ನಲ್ಲಿ ಬೇಕಾದವರು ಒಬ್ಬರೇ. ಬದಲಾಗಿದ್ದು ಅವರ ಸುತ್ತ ಇದ್ದವರು, ಹೊರಬೇಕಾದ ಭಾರ ಮತ್ತು ಕಲಿಯಲು ಸಿಕ್ಕ ಸಮಯ.

ಇಪ್ಪತ್ತೆರಡರ ಹುಡುಗ ಕಾಲೇಜು ಬಿಟ್ಟು ಸಹಿ ಹಾಕಿದನೆಂದರೆ ಸಾಮಾನ್ಯವಾಗಿ ಹಳೆಯ ಅಂಗಳಕ್ಕೆ ಮರಳುವ ದಾರಿ ಮುಚ್ಚಿದಂತೆ. ಅಭಿಮಾನಿಯ ಲೆಕ್ಕ ತಪ್ಪಿದರೆ ಮುಂದಿನ ಮಾರ್ಚ್‌ನಲ್ಲಿ ಅವನಿಗೆ ಬೇರೊಂದು ಹೆಸರು ಸಿಗುತ್ತದೆ. ಆಟಗಾರನಿಗೆ ಇರುವುದು ಒಂದೇ ಯೌವನ. ಅವನನ್ನು ಅಳೆಯಲೇಬೇಕೆಂದರೆ ಅಂಕಗಳನ್ನು ಪಕ್ಕಕ್ಕಿಟ್ಟು, ಮೂಲೆಗೆ ಹೋದ ಪಕ್ಕನ್ನು ಅವನು ಹೇಗೆ ಹೊರತರುತ್ತಾನೆ ಎಂದು ನೋಡಬೇಕು. 1980ರ ಕೆನ್ ಮಾರೋ ಲೀಗಿನಲ್ಲಿ 550 ಪಂದ್ಯ ಆಡಿ ಹೊಡೆದ ಗೋಲು ಕೇವಲ 17. ಅವರ ಪಾಲಿಗೆ ಬಂದ ಸ್ಟ್ಯಾನ್ಲಿ ಕಪ್‌ಗಳು ಮಾತ್ರ ನಾಲ್ಕು.