ತಲೆಗೇರದ ಕಿರೀಟ

1966ರ ನವೆಂಬರ್ 17ರ ರಾತ್ರಿ ಲಂಡನ್ನಿನ ಲೈಸಿಯಂ ಬಾಲ್‌ರೂಮಿನಲ್ಲಿ ಯುಗೊಸ್ಲಾವಿಯ ಮತ್ತು ಗ್ರೀಸ್‌ನ ಚೆಲುವೆಯರನ್ನು ಹಿಂದಿಕ್ಕಿ ವಿಶ್ವಸುಂದರಿಯ ಕಿರೀಟ ಧರಿಸಿದವರು ಮುಂಬಯಿಯ ರೀಟಾ ಫಾರಿಯಾ. ಎರಿಕ್ ಮಾರ್ಲೆ 1951ರಲ್ಲಿ ಹುಟ್ಟುಹಾಕಿದ ಈ ಸ್ಪರ್ಧೆಯಲ್ಲಿ ಏಷ್ಯಾದ ಹೆಣ್ಣುಮಗಳೊಬ್ಬಳು ಗೆದ್ದದ್ದು ಅದೇ ಮೊದಲು. ಆಗ ರೀಟಾಗೆ 23 ವರ್ಷ. ಓದುತ್ತಿದ್ದದ್ದು ವೈದ್ಯಕೀಯ.

ಗೋವಾ ಮೂಲದ ಕುಟುಂಬದಲ್ಲಿ, ಮುಂಬಯಿಯಲ್ಲಿ 1943ರಲ್ಲಿ ಹುಟ್ಟಿದ ರೀಟಾ ಐದಡಿ ಎಂಟಂಗುಲ ಎತ್ತರದ ಹುಡುಗಿ. ಜೆ.ಜೆ. ಆಸ್ಪತ್ರೆಗೆ ಹೊಂದಿಕೊಂಡ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದು. ಮಿಸ್ ಬಾಂಬೆ ಗೆದ್ದ ಮೇಲೆ 'ಈವ್ಸ್ ವೀಕ್ಲಿ' ಪತ್ರಿಕೆ ನಡೆಸುತ್ತಿದ್ದ ಮಿಸ್ ಇಂಡಿಯಾ ಪಟ್ಟವೂ ಒಲಿಯಿತು. ಲಂಡನ್ನಿನ ಹಾದಿ ತೆರೆದದ್ದು ಹಾಗೆ.

ಈಗಿನಂತೆ ನಡಿಗೆ ಕಲಿಸುವವರು, ಮಾತು ತಿದ್ದುವವರು, ಉಡುಪು ಹೊಲಿದುಕೊಡುವ ವಿನ್ಯಾಸಕರು ಯಾರೂ ಆಗ ಬೆನ್ನಿಗಿರಲಿಲ್ಲ. ದೇಶದಲ್ಲಿ ಬರ, ಅಮೆರಿಕದಿಂದ ಗೋಧಿ ತುಂಬಿದ ಹಡಗು ಬಂದರಷ್ಟೇ ಪಡಿತರ. ಜೂನ್ ತಿಂಗಳಲ್ಲಿ ರೂಪಾಯಿಯ ಅಪಮೌಲ್ಯವಾಗಿತ್ತು, ವಿದೇಶಿ ವಿನಿಮಯ ಬಿಗಿಯಾಗಿತ್ತು. ರೀಟಾ ಕೈಯಲ್ಲಿದ್ದದ್ದು ಮೂರು ಪೌಂಡ್. ಸೀರೆಯೂ ಎರವಲು, ಈಜುಡುಗೆಯೂ ಎರವಲು. ಈಜುಡುಗೆ ಕೊಟ್ಟಿದ್ದವರು ಹಿಂದಿನ ವರ್ಷದ ಮಿಸ್ ಇಂಡಿಯಾ ಪರ್ಸಿಸ್ ಖಂಬಾಟಾ. ಎತ್ತರದ ರೀಟಾಗೆ ಅದು ಸರಿಹೊಂದಲಿಲ್ಲ. ಇದ್ದ ಪುಡಿಗಾಸು ಲಂಡನ್ನಿನಲ್ಲಿ ಹೊಸದೊಂದು ಈಜುಡುಗೆಗೂ ಹೈ ಹೀಲ್ಸ್ ಚಪ್ಪಲಿಗೂ ಖರ್ಚಾಯಿತು. ಅದೇ ಸ್ಪರ್ಧೆಯಲ್ಲಿ ಈಜುಡುಗೆ ಸುತ್ತಿನ ಬಹುಮಾನ ಅವರಿಗೇ ಬಂತು. ಸೀರೆಯುಟ್ಟು ಬಂದಾಗ ಸಂಜೆಯುಡುಪಿನ ಬಹುಮಾನವೂ ಬಂತು.

ಗೆಲುವಿನ ಬೆನ್ನಿಗೇ ವಿವಾದವೂ ಬಂತು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಹಾಸ್ಯನಟ ಬಾಬ್ ಹೋಪ್ ತಂಡದೊಂದಿಗೆ ರೀಟಾ ದಕ್ಷಿಣ ವಿಯೆಟ್ನಾಮಿಗೆ ಹೋಗಿ ಅಮೆರಿಕದ ಸೈನಿಕರ ಮುಂದೆ ವೇದಿಕೆಯೇರಿದರು. ಅಲಿಪ್ತ ನೀತಿಯ ಭಾರತಕ್ಕೆ ಇದು ಹಿಡಿಸಲಿಲ್ಲ. ಕಿರೀಟ ತೊಟ್ಟ ಹುಡುಗಿಯ ಹೆಜ್ಜೆ ತನ್ನದಷ್ಟೇ ಅಲ್ಲ, ಅದರ ಲೆಕ್ಕವನ್ನು ದೇಶವೂ ಕೇಳುತ್ತದೆ ಎಂಬುದು ಆಗಲೇ ಗೊತ್ತಾಯಿತು.

ಆಮೇಲಿನ ತೀರ್ಮಾನ ಮಾತ್ರ ಪೂರ್ತಿ ಅವರದೇ. ಒಂದು ವರ್ಷ ವಿಶ್ವಸುಂದರಿಯ ಕರ್ತವ್ಯ ಮುಗಿಸಿದರು. ಸಿನಿಮಾ, ಮಾಡೆಲಿಂಗ್ ಅವಕಾಶಗಳು ಮನೆ ಬಾಗಿಲಿಗೆ ಬಂದರೂ ಬೇಡವೆಂದರು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಓದು ಮುಂದುವರಿಸಿದರು. 1971ರಲ್ಲಿ ಅಂತಃಸ್ರಾವ ಗ್ರಂಥಿಗಳ ತಜ್ಞ ಡೇವಿಡ್ ಪೊವೆಲ್ ಅವರನ್ನು ಮದುವೆಯಾದರು. 1973ರಲ್ಲಿ ದಂಪತಿ ಡಬ್ಲಿನ್‌ನಲ್ಲಿ ನೆಲೆಸಿದರು. ವೈದ್ಯವೃತ್ತಿ, ಇಬ್ಬರು ಹೆಣ್ಣುಮಕ್ಕಳು, ಮನೆ ಎಂದು ಬದುಕು ಸಾಗಿತು. 1998ರಲ್ಲಿ ಫೆಮಿನಾ ಮಿಸ್ ಇಂಡಿಯಾ ತೀರ್ಪುಗಾರರ ಸಾಲಿನಲ್ಲಿ ಮತ್ತೆ ಕಾಣಿಸಿಕೊಂಡರು.

ಅವರ ನಂತರ ಭಾರತಕ್ಕೆ ಈ ಕಿರೀಟ ಮತ್ತೆ ದಕ್ಕಲು 28 ವರ್ಷ ಬೇಕಾಯಿತು. 1994ರಲ್ಲಿ ಗೆದ್ದವರು ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ. ಅಷ್ಟು ಹೊತ್ತಿಗೆ ಮಾರುಕಟ್ಟೆ ತೆರೆದಿತ್ತು, ಸೌಂದರ್ಯವರ್ಧಕಗಳ ಕಂಪನಿಗಳು ಕಾದು ಕುಳಿತಿದ್ದವು, ಕಿರೀಟದಿಂದ ಸಿನಿಮಾಕ್ಕೆ ರಾಜಮಾರ್ಗವೇ ಆಯಿತು. 1996ರಲ್ಲಿ ಸ್ಪರ್ಧೆ ಬೆಂಗಳೂರಿಗೇ ಬಂದಾಗ ಬೀದಿಯಲ್ಲಿ ಭಾರೀ ಪ್ರತಿಭಟನೆ ನಡೆದು, ಈಜುಡುಗೆ ಸುತ್ತು ಸೀಶೆಲ್ಸ್ ದ್ವೀಪಗಳಿಗೆ ಹೋಯಿತು. 2017ರಲ್ಲಿ ಇನ್ನೊಬ್ಬ ವೈದ್ಯಕೀಯ ವಿದ್ಯಾರ್ಥಿನಿ, ಹರಿಯಾಣದ ಮಾನುಷಿ ಛಿಲ್ಲರ್ ವಿಶ್ವಸುಂದರಿಯಾದರು; ಅವರು ಹಿಡಿದದ್ದು ಸಿನಿಮಾದ ದಾರಿ.

ಇವೆರಡರಲ್ಲಿ ಒಂದು ಮೇಲು, ಇನ್ನೊಂದು ಕೀಳು ಎನ್ನುವುದು ತಪ್ಪು. ತೆರೆಯ ಮೇಲಿನ ದುಡಿಮೆಯೂ ದುಡಿಮೆಯೇ. ಆದರೆ ಕಿರೀಟವೇ ಬದುಕಿನ ದಿಕ್ಕನ್ನು ನಿರ್ಧರಿಸಬೇಕಿಲ್ಲ ಎಂದು ರೀಟಾ ತೋರಿಸಿಕೊಟ್ಟರು. ಇಪ್ಪತ್ತಮೂರರ ಹುಡುಗಿಗೆ ಜಗತ್ತು ಒಂದೇ ದಾರಿ ತೋರಿಸುತ್ತಿದ್ದಾಗ ಇನ್ನೊಂದನ್ನು ಹಿಡಿಯುವುದಕ್ಕೆ ಗಟ್ಟಿ ಮನಸ್ಸು ಬೇಕು. ಭಾರತದ ಮೊದಲ ವಿಶ್ವಸುಂದರಿಯನ್ನು ನಾವು ನೆನೆಯಬೇಕಾದದ್ದು ಆ ಮನಸ್ಸಿಗಾಗಿ.