ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ನನ್ನ ಆಯ್ಕೆ

ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಗುಡಿಸುವುದೂ ಒಂದು ಚಿಂತೆಯೇ. ಪೊರಕೆ ಹಿಡಿಯುವ ಮೊದಲು ಅವರನ್ನು ಬೇರೆ ಕೋಣೆಗೆ ಕಳುಹಿಸಬೇಕು. ವ್ಯಾಕ್ಯೂಮ್ ಕ್ಲೀನರನ್ನು ಸಾಮಾನ್ಯರ ಮನೆಯೊಳಗೆ ತಂದ ಮನುಷ್ಯನೂ ಅಂತಹ ಒಬ್ಬ ರೋಗಿಯಾಗಿದ್ದನೆಂದರೆ ಅಚ್ಚರಿಯಾದೀತು.

1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ರೂಪಿಸಿದ ಯಂತ್ರ ಕುದುರೆ ಗಾಡಿಯಷ್ಟು ದೊಡ್ಡದಿತ್ತು. ಅದನ್ನು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯ ಮೂಲಕ ಉದ್ದನೆಯ ಕೊಳವೆಗಳನ್ನು ಒಳಗೆ ಎಳೆಯುತ್ತಿದ್ದರು. ಅದು ಶ್ರೀಮಂತರ ಸೊತ್ತಾಗಿತ್ತು.

ಅಮೆರಿಕದ ಒಹಾಯೊದಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪಾಂಗ್ಲರ್‌ಗೆ ರತ್ನಗಂಬಳಿಯ ಧೂಳಿನಿಂದ ಉಸಿರಾಟದ ತೊಂದರೆ ಹೆಚ್ಚುತ್ತಿತ್ತು. ಆತ ಫ್ಯಾನಿನ ಮೋಟಾರು, ಪೊರಕೆಯ ಹಿಡಿ ಮತ್ತು ದಿಂಬಿನ ಚೀಲವನ್ನು ಜೋಡಿಸಿ ಯಂತ್ರ ಮಾಡಿಕೊಂಡ. 1908ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಚರ್ಮದ ಸಾಮಾನು ತಯಾರಿಸುತ್ತಿದ್ದ ವಿಲಿಯಂ ಹೂವರ್ ಅದರ ಹಕ್ಕನ್ನು ಕೊಂಡ.

ಈ ಹಳೆಯ ಯಂತ್ರಗಳನ್ನು ಇಂದಿಗೂ ಜೋಪಾನ ಮಾಡುವವರಿದ್ದಾರೆ. ಕೆಲವರಿಗೆ ನೆಟ್ಟಗೆ ನಿಲ್ಲುವ ಹೂವರ್ ಇಷ್ಟ. 1926ರ ಮಾದರಿಯಲ್ಲಿ ತಿರುಗುವ ಪಟ್ಟಿಗಳು ಗಂಬಳಿಯನ್ನು ಮೆಲ್ಲಗೆ ತಟ್ಟಿ ಮರಳನ್ನು ಮೇಲೆಬ್ಬಿಸುತ್ತವೆ. ಗಂಬಳಿ ಹಾಸಿದ ಮನೆಗೆ ಅದು ಉತ್ತಮ. ಆದರೆ ನಮ್ಮ ಮೊಸಾಯಿಕ್, ರೆಡ್ ಆಕ್ಸೈಡ್ ನೆಲಕ್ಕೆ ತಟ್ಟುವ ಪಟ್ಟಿಯ ಅಗತ್ಯವೇನು?

1950ರ ದಶಕದ ಹೂವರ್ ಕಾನ್‌ಸ್ಟಲೇಶನ್ ದುಂಡಗಿನ ಚೆಂಡಿನಂತಿದೆ. ತಾನು ಹೊರಬಿಡುವ ಗಾಳಿಯ ಮೇಲೆಯೇ ತೇಲುತ್ತಾ ಜಾರುತ್ತದೆ. ನೋಡಲು ಮೋಜು. ಆದರೆ ಹೊಸ್ತಿಲು ಬಂದರೆ ನಾವೇ ಎತ್ತಬೇಕು.

ನನ್ನ ಆಯ್ಕೆ 1921ರ ಇಲೆಕ್ಟ್ರೋಲಕ್ಸ್ 'ಮಾಡೆಲ್ ವಿ'. ಕೊಳವೆಯಾಕಾರದ ಅದರ ದೇಹ ಎರಡು ಲೋಹದ ಪಟ್ಟಿಗಳ ಮೇಲೆ ಜಾರುತ್ತದೆ. ಯಂತ್ರ ನೆಲದಲ್ಲೇ ಇರುತ್ತದೆ, ಕೈಯಲ್ಲಿರುವುದು ಕೊಳವೆ ಮಾತ್ರ. ಮಂಚದಡಿ, ಹಾಸಿಗೆ, ಪರದೆ, ಮೂಲೆಯ ಜೇಡರಬಲೆ, ಎಲ್ಲ ಕಡೆಯೂ ಅದು ತಲುಪುತ್ತದೆ. ಸೊಂಟ ನೋವಿರುವ ಗೃಹಿಣಿಗೆ ಇದೇ ದೊಡ್ಡ ಉಪಕಾರ.

ಆದರೆ ಒಂದು ಎಚ್ಚರಿಕೆ. ಹಳೆಯ ಯಂತ್ರಗಳ ಬಟ್ಟೆಯ ಚೀಲ ದಪ್ಪ ಕಸವನ್ನು ಹಿಡಿದಿಟ್ಟುಕೊಂಡರೂ ಅತಿ ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಅದು ನೂಲಿನ ಸಂದಿನಿಂದ ಹೊರಬಂದು ಕೋಣೆಯ ಗಾಳಿಗೇ ಸೇರುತ್ತದೆ. ಕೆಮ್ಮುವವನು ಹೊಲಿದ ಚೀಲವೇ ಇನ್ನೊಬ್ಬ ಕೆಮ್ಮುವವನಿಗೆ ಕಂಟಕವಾಗಬಹುದು! ಆದ್ದರಿಂದ ಉಬ್ಬಸದ ರೋಗಿ ಇರುವ ಮನೆಗೆ ಹೆಪಾ ಫಿಲ್ಟರ್ ಇರುವ ಹೊಸ ಯಂತ್ರವೇ ಲೇಸು. ಚೀಲ ಖಾಲಿ ಮಾಡುವುದನ್ನು ಆರೋಗ್ಯವಂತರು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಮಾಡಲಿ.

ವಿದೇಶದಿಂದ ಹಳೆಯ ಯಂತ್ರ ತರಿಸಿದ್ದರೆ ಇನ್ನೊಂದು ಮಾತು ನೆನಪಿರಲಿ. ಅಮೆರಿಕದ ಯಂತ್ರಗಳು ಸುಮಾರು 120 ವೋಲ್ಟಿನವು, ನಮ್ಮಲ್ಲಿರುವುದು 230 ವೋಲ್ಟ್. ನೇರವಾಗಿ ಪ್ಲಗ್ ಹಾಕಿದರೆ ಮೋಟಾರು ಸುಟ್ಟುಹೋಗುತ್ತದೆ. ಹಳೆಯ ವಯರಿನ ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ಇಲೆಕ್ಟ್ರಿಷಿಯನ್‌ಗೆ ತೋರಿಸಿಯೇ ಬಳಸಿ.

ಹಳತರ ಮೇಲಿನ ಪ್ರೀತಿ ತಪ್ಪಲ್ಲ. ಆದರೆ ಮನೆಯ ಯಂತ್ರವನ್ನು ಆರಿಸುವಾಗ ಕಣ್ಣಿಗೆ ಯಾವುದು ಚೆಂದ ಎನ್ನುವುದಕ್ಕಿಂತ, ಮನೆಯವರ ಎದೆಗೆ ಯಾವುದು ಹಗುರ ಎಂದು ಕೇಳುವುದೇ ಜಾಣತನ. ಸ್ಪಾಂಗ್ಲರ್ ದಿಂಬಿನ ಚೀಲವನ್ನು ಕೈಗೆತ್ತಿಕೊಂಡದ್ದೂ ನೆಮ್ಮದಿಯ ಒಂದು ಉಸಿರಿಗಾಗಿಯೇ ಅಲ್ಲವೇ?